ಉಸಿರಿನ ಪರೀಕ್ಷೆಯಲ್ಲಿ ಮಾತಿನ ಪಾತ್ರ

ಉಸಿರಾಟದ ಚಿಕಿತ್ಸೆಯನ್ನು ವಿಶೇಷ ವಿಷಯವಾಗಿ ಅಭ್ಯಾಸಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳು ಈಚೆಗೆ ನಮ್ಮ ಮನೆಗೆ ಬಂದಿದ್ದಳು. ನನ್ನ ಹಳೆಯ ಶಿಷ್ಯರೊಬ್ಬರ ಮಗಳು. ಕೈಯಲ್ಲಿ ಪಾರಿಭಾಷಿಕ ಪದಗಳ ಒಂದು ಪಟ್ಟಿ; ಎಲ್ಲಕ್ಕೂ ಕನ್ನಡ ಬೇಕೆಂಬುದು ಅವಳ ಕೋರಿಕೆ. ಮೊದಲನೆಯದು ‘ಡಿಸ್ಪ್ನಿಯ’. ಗ್ರೀಕ್ ಮೂಲದ ಈ ಮಾತಿಗೆ ‘ಕಷ್ಟದ ಉಸಿರು’ ಎಂದಷ್ಟೇ ಅರ್ಥ. ನಾನು ಪಾಂಡಿತ್ಯದ ಭರದಲ್ಲಿ ‘ಶ್ವಾಸಕೃಚ್ಛ್ರ’ ಎಂದು ಬರೆಸಹೊರಟೆ. ಅವಳು ನಕ್ಕುಬಿಟ್ಟಳು. “ಸಾರ್, ನಮ್ಮ ವಾರ್ಡಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಒಬ್ಬರು ದಮ್ಮು ಅನ್ನುತ್ತಾರೆ, ಒಬ್ಬರು ಉಬ್ಬಸ, ಇನ್ನೊಬ್ಬರು ಏದುಸಿರು. ಇವೆಲ್ಲ ಒಂದೇನಾ?” ಎಂದು ಕೇಳಿದಳು. ಆ ಪ್ರಶ್ನೆಯೇ ಇಂದಿನ ಈ ಮಾತುಗಳಿಗೆ ಪ್ರೇರಣೆ.

ಒಂದೇ ಅಲ್ಲವೆಂದು ನಮ್ಮ ಜನಕ್ಕೆ ಗೊತ್ತು. ಬೆಟ್ಟ ಹತ್ತಿದ ಆರೋಗ್ಯವಂತನಿಗೂ ಏದುಸಿರು ಬಂದೀತು. ಉಬ್ಬಸ ಹಾಗಲ್ಲ, ಅದು ಸದ್ದುಮಾಡುತ್ತ, ಬಿಟ್ಟು ಬಿಟ್ಟು ಬಂದು ಕಾಡುವ ವ್ಯಾಧಿ. ಪಾರ್ಸಿ ಭಾಷೆಯ ‘ದಮ್’ ಎಂದರೆ ಉಸಿರು. ಅದು ಕನ್ನಡಕ್ಕೆ ಬಂದು ರೋಗದ ಹೆಸರೂ ಆಯಿತು, ಕೆಚ್ಚಿನ ಹೆಸರೂ ಆಯಿತು. ರೋಗಿಯ ಬಾಯಿಂದ ಬರುವ ಪದವನ್ನು ಹಿಡಿದುಕೊಂಡೇ ವೈದ್ಯನ ಮುಂದಿನ ಪ್ರಶ್ನೆ ಹುಟ್ಟಬೇಕು. ನಡೆದಾಗ ಬರುವುದೋ, ಮಲಗಿದಾಗ ಬರುವುದೋ? ಮಲಗಿದರೆ ಹೆಚ್ಚಿ, ಎದ್ದು ಕುಳಿತರೆ ಇಳಿಯುವುದಾದರೆ ಹೃದಯವನ್ನೂ ಶಂಕಿಸಬೇಕು. ರಾತ್ರಿ, ಮುಂಜಾವಗಳಲ್ಲಿ ಕೆಮ್ಮಿನೊಡನೆ ಕೆರಳುವುದಾದರೆ ಆಸ್ತಮಾದ ಕಡೆ ನೋಡಬೇಕು. ಆಸ್ತಮಾ ಕೆರಳಿದವನು ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಪೂರೈಸಲಾರನಾದರೆ ಅದನ್ನೇ ತೀವ್ರತೆಯ ಲಕ್ಷಣವೆಂದು ವೈದ್ಯರು ಎಣಿಸುತ್ತಾರೆ. ಜೀವಮಾನವೆಲ್ಲ ವಾಕ್ಯಗಳನ್ನು ವಿಂಗಡಿಸಿ ಪಾಠಹೇಳಿದ ನನಗೆ ಇದು ಹೊಸ ವ್ಯಾಕರಣವೆನಿಸಿತು.

ಉಸಿರಿನ ಸದ್ದುಗಳಿಗೆ ಹೆಸರಿಟ್ಟ ಕಥೆಯೂ ಸ್ವಾರಸ್ಯವಾದುದೇ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲಾಯೆನೆಕ್, ಯುವತಿಯೊಬ್ಬಳ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು, ಕಾಗದವನ್ನು ಸುರುಳಿಸುತ್ತಿ ಅದರ ಮೂಲಕ ಆಲಿಸಿದನು. ಸ್ಟೆಥಾಸ್ಕೋಪು ಹುಟ್ಟಿದ್ದು ಹಾಗೆ. 1819ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಎದೆಯ ಅಸಹಜ ಸದ್ದುಗಳನ್ನು ಅವನು ‘ರಾಲ್’ ಎಂದು ಕರೆದ. ಆದರೆ ಫ್ರೆಂಚರ ಆಡುಮಾತಿನಲ್ಲಿ ಅದು ಸಾಯುವವರ ಗಂಟಲಿನ ಗೊರಗೊರ ಸದ್ದಿನ ಹೆಸರು. ರೋಗಿ ಕೇಳಿದರೆ ಎದೆಯೊಡೆದಾನು! ಆದ್ದರಿಂದ ಹಾಸಿಗೆಯ ಬಳಿ ಲಾಯೆನೆಕ್ ಅದನ್ನೇ ‘ರಾಂಕಸ್’ ಎಂಬ ಲ್ಯಾಟಿನ್ ಮಾತಿನಿಂದ ಸೂಚಿಸುತ್ತಿದ್ದ. ಕರುಣೆಯಿಂದ ಹುಟ್ಟಿದ ಈ ಪರ್ಯಾಯಪದವೇ ಮುಂದೆ ಗೊಂದಲಕ್ಕೆ ಎಡೆಮಾಡಿತು. ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ ಒಂದೇ ಅರ್ಥದ ಎರಡು ಪದಗಳು ಎರಡು ಬೇರೆ ಸದ್ದುಗಳಾದವು. ಒಬ್ಬ ವೈದ್ಯ ಬರೆದುದನ್ನು ಇನ್ನೊಬ್ಬ ಬೇರೆಯಾಗಿ ಓದಿಕೊಳ್ಳುವಂತಾಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ವಾಂಸರು ಸರಳವಾದ ಆಡುಮಾತುಗಳಿಗೇ ಮರಳಿದರು. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದಂಥದು ‘ಕ್ರ್ಯಾಕಲ್’. ಕಿರಿದಾದ ನಾಳದಲ್ಲಿ ಗಾಳಿ ನುಸುಳುವಾಗಿನ ಸುಂಯ್ ಸದ್ದು ‘ವ್ಹೀಜ್’. ಒಂದು ಎಚ್ಚರಿಕೆ: ತೀವ್ರ ಆಸ್ತಮಾದಲ್ಲಿ ರೋಗಿ ಬಳಲುತ್ತಿರುವಾಗಲೇ ಸುಂಯ್ ಸದ್ದು ನಿಂತುಹೋದರೆ ಮನೆಯವರು ‘ಕಡಿಮೆಯಾಯಿತು’ ಎಂದು ನೆಮ್ಮದಿಪಡಬಾರದು. ಸದ್ದುಮಾಡುವಷ್ಟು ಗಾಳಿಯೂ ಒಳಗೆ ಆಡುತ್ತಿಲ್ಲವೆಂದು ಅದರ ಅರ್ಥವಿರಬಹುದು.

ಇನ್ನು ಉಸಿರನ್ನು ಅಳೆಯುವ ಪರೀಕ್ಷೆ. 1846ರಲ್ಲಿ ಇಂಗ್ಲೆಂಡಿನ ಜಾನ್ ಹಚಿನ್‌ಸನ್ ಎಂಬ ವೈದ್ಯ ತನ್ನ ಸ್ಪೈರೋಮೀಟರಿನ ವಿವರವನ್ನು ಪ್ರಕಟಿಸಿದ. ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಉಸಿರನ್ನು ಅಳೆದಿದ್ದ. ಎದೆ ತುಂಬ ಗಾಳಿ ಎಳೆದುಕೊಂಡು, ರಭಸದಿಂದ, ಇನ್ನು ಬಾರದೆನ್ನುವವರೆಗೆ ಊದಬೇಕು. ಒಟ್ಟು ಹೊರಬಂದ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಬಂದುದೆಷ್ಟು ಎಂಬುದೇ ಇಂದಿನ ಮುಖ್ಯ ಲೆಕ್ಕ. ನಾಳಗಳನ್ನು ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಅದು ಶೇಕಡ 70ಕ್ಕಿಂತ ಕಡಿಮೆಯಿದ್ದರೆ ನಾಳಗಳಲ್ಲಿ ಬಿಡದ ಅಡಚಣೆಯಿದೆಯೆಂದು ತಿಳಿಯುತ್ತಾರೆ. ಯಂತ್ರವೇನೋ ನಿಷ್ಪಕ್ಷಪಾತಿ, ಆದರೆ ಊದಬೇಕಾದವನಿಗೆ ಹೇಳಿದ್ದು ಅರ್ಥವಾಗದಿದ್ದರೆ ಅದು ಏನನ್ನು ಅಳೆದೀತು?

ಇದನ್ನು ನಾನು ಕಲಿತದ್ದು ನಮ್ಮ ದೊಡ್ಡಕ್ಕನಿಂದ. ಅವಳು ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತವಳು. ದಮ್ಮು ಹೆಚ್ಚಿದಾಗ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. “ಹೊಗೆ ಸೇದುತ್ತೀರಾ?” ಎಂದು ಕೇಳಿದರು. “ಶಿವ ಶಿವಾ, ಇಲ್ಲಪ್ಪ” ಎಂದಳು. ಕಾಗದದಲ್ಲಿ ‘ಇಲ್ಲ’ ಎಂದು ದಾಖಲಾಯಿತು. ಕೊಳವೆಯನ್ನು ಬಾಯಿಗಿಟ್ಟು “ಉಸಿರು ಬಿಡಿ” ಎಂದರು. ಅಕ್ಕ ಬಿಟ್ಟಳು, ನಿಟ್ಟುಸಿರು ಬಿಟ್ಟ ಹಾಗೆ. ಮೂರು ಸಲವೂ ಅಷ್ಟೇ. ರೋಗಿ ಸಹಕರಿಸಲಿಲ್ಲವೆಂದು ಬರೆದು ಕಳುಹಿಸಿದರು. ನಾನೂ ಪಕ್ಕದಲ್ಲೇ ಇದ್ದೆ. ಕನ್ನಡದ ಅಧ್ಯಾಪಕನಾದ ನನಗೂ ‘ಬಿಡು’ ಮತ್ತು ‘ಊದು’ ಕ್ರಿಯಾಪದಗಳ ನಡುವಿನ ಅಂತರ ಆಗ ಹೊಳೆಯಲಿಲ್ಲ. ಒಂದೂವರೆ ವರ್ಷದ ಮೇಲೆ ಬೇರೊಂದೆಡೆ ವಯಸ್ಸಾದ ತಂತ್ರಜ್ಞರೊಬ್ಬರು ಹೇಳಿದರು: “ಅಮ್ಮಾ, ಒಲೆ ಆರಿಹೋಗ್ತಿದೆ ಅಂದುಕೊಳ್ಳಿ. ಊದುಗೊಳವೆಯಲ್ಲಿ ಊದೋ ಹಾಗೆ ಊದಿ, ನಿಲ್ಲಿಸಬೇಡಿ.” ಅಕ್ಕ ಊದಿದಳು. ಕಾಗದದ ಮೇಲಿನ ಗೆರೆ ರೋಗವನ್ನು ಹೇಳಿತು. ಬೀಡಿ ಸಿಗರೇಟುಗಳಂತೆ ಒಲೆಯ ಹೊಗೆಯೂ ಶ್ವಾಸನಾಳಗಳನ್ನು ಶಾಶ್ವತವಾಗಿ ಕೆಡಿಸಬಲ್ಲುದು. ಅಕ್ಕ ಹೊಗೆ ಸೇದಿರಲಿಲ್ಲ, ಕುಡಿದಿದ್ದಳು. ಚಿಕಿತ್ಸೆಯಿಂದ ಗೆಲುವಾದಳು, ನಿಜ. ಆದರೆ ಅಷ್ಟರಲ್ಲಿ ಕಳೆದುಕೊಂಡ ಉಸಿರು ಮರಳಿ ಬರಲಿಲ್ಲ.

2020ರ ಸಾಂಕ್ರಾಮಿಕದ ದಿನಗಳಲ್ಲಿ ಮನೆಮನೆಗೂ ಬಂದ ಬೆರಳಿನ ಆಕ್ಸಿಮೀಟರನ್ನು ಎಲ್ಲರೂ ಬಲ್ಲೆವು. ಜಪಾನಿನ ತಕುವೊ ಅವೊಯಗಿ 1974ರಲ್ಲಿ ಮಂಡಿಸಿದ ತತ್ತ್ವ ಅದರದು; ಬೆರಳಿನ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕವನ್ನು ಅಂದಾಜುಮಾಡುತ್ತದೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95ಕ್ಕೆ ಕಡಿಮೆಯಿರದು. ಆದರೆ ಕಪ್ಪು ಚರ್ಮದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಎಚ್ಚರಿಸಿತು. ಇಂಗಾಲದ ಡೈಆಕ್ಸೈಡಿನ ಸುದ್ದಿಯನ್ನಂತೂ ಅದು ಹೇಳುವುದೇ ಇಲ್ಲ. ಅದಕ್ಕೆ ಅಪಧಮನಿಯಿಂದ ರಕ್ತ ತೆಗೆದು ನೋಡಬೇಕು. ಅಂಕಿ ಚೆನ್ನಾಗಿದ್ದೂ ರೋಗಿ ‘ಆಗುತ್ತಿಲ್ಲ’ ಎಂದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ.

ವಿದ್ಯಾರ್ಥಿನಿಯ ಪಟ್ಟಿಗೆ ಕೊನೆಗೆ ಮೂರು ಅಂಕಣ ಮಾಡಿಸಿದೆ. ಮೊದಲನೆಯದರಲ್ಲಿ ಶಾಸ್ತ್ರದ ಪದ; ಅದು ಬೇಕು, ಇಲ್ಲದಿದ್ದರೆ ವೈದ್ಯರು ತಮ್ಮತಮ್ಮಲ್ಲಿ ಒಮ್ಮತಕ್ಕೆ ಬರಲಾರರು. ಎರಡನೆಯದರಲ್ಲಿ ನಾನು ಬಲ್ಲಷ್ಟು ತಿಳಿಗನ್ನಡ. ಮೂರನೆಯದನ್ನು ಖಾಲಿ ಬಿಟ್ಟು, ವಾರ್ಡಿನಲ್ಲಿ ಕೇಳಿ ತುಂಬಿಕೊ ಎಂದೆ. ಹೊರಡುವ ಮುನ್ನ ಅವಳು ಸ್ಪೈರೋಮೀಟರಿನ ಎದುರಿಗೆ, ಆ ಮೂರನೆಯ ಅಂಕಣದಲ್ಲಿ, ‘ಊದುಗೊಳವೆ’ ಎಂದು ಬರೆದುಕೊಂಡಳು.