ಹೊಗೆ ಬಿಡದ ಪಿಕಪ್ಪಿಗೂ ಸಾಫ್ಟ್‌ವೇರ್ ಯಾಕೆ?

ನವಲಗುಂದದ ಓದುಗರೊಬ್ಬರ ಪ್ರಶ್ನೆ: "ಪಿಕಪ್ಪಿಗೆ ಹೊಸ ಸಾಫ್ಟ್‌ವೇರ್ ಹಾಕಿಸ್ರಿ ಅಂತ ಶೋರೂಮಿನವರು ಫೋನ್ ಮಾಡ್ಯಾರ. ಹಾಕಿಸಿದ್ರ ಆವರೇಜು, ಜಗ್ಗೂ ತಾಕತ್ತು ಎರಡೂ ಕಮ್ಮಿ ಆಗ್ತಾವಂತ, ಖರೇ ಏನ್ರಿ? ನನ್ನ ಗಾಡಿ ಹೊಗೀನ ಬಿಡೂದಿಲ್ಲ, ಮತ್ತ್ಯಾಕ ಬೇಕು?"

ಕೊನೆಯ ಮಾತನ್ನೇ ಮೊದಲು ಹಿಡಿಯುತ್ತೇನೆ. ಹೊಗೆ ಕಾಣದಿದ್ದರೆ ಗಾಡಿ ಶುದ್ಧ ಎಂಬ ನಂಬಿಕೆ ಕುಂದಗೋಳದಿಂದ ಕಲಘಟಗಿಯವರೆಗೆ ಎಲ್ಲ ಗ್ಯಾರೇಜುಗಳಲ್ಲೂ ಬೇರೂರಿದೆ. ಕಪ್ಪು ಹೊಗೆ ಎಂದರೆ ಅರೆಬೆಂದ ಡೀಸೆಲ್‌ನ ಮಸಿ. ಇಂಜಿನ್ ಹೊರಹಾಕುವ ನೈಟ್ರೋಜನ್ ಆಕ್ಸೈಡುಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಸೋಜಿಗವೆಂದರೆ ಅವು ಹುಟ್ಟುವುದು ಬಹುಪಾಲು ಡೀಸೆಲ್‌ನಿಂದಲ್ಲ, ಗಾಳಿಯಿಂದ! ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ನೈಟ್ರೋಜನ್. ಯಾರ ಗೊಡವೆಗೂ ಹೋಗದ ಅನಿಲ ಅದು. ಸಿಲಿಂಡರಿನ ಉರಿ 1500 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಮಾತ್ರ ಅದೂ ಆಮ್ಲಜನಕದ ಜೊತೆ ಕೂಡುತ್ತದೆ. ಅಣ್ಣಿಗೇರಿಯ ಎರೆಹೊಲಗಳ ಮೇಲೆ ಅಡ್ಡಮಳೆಯ ಮಿಂಚು ಹೊಡೆದಾಗ ನಡೆಯುವುದೂ ಇದೇ ಕೂಟ. ಮಿಂಚು ಮಾಡಿದ್ದು ಮಳೆಯಲ್ಲಿ ಕರಗಿ ನೆಲಕ್ಕೆ ಗೊಬ್ಬರವಾಗಿ ಇಳಿಯುತ್ತದೆ. ಇಂಜಿನ್ ಮಾಡಿದ್ದು ನಮ್ಮ ಮೂಗಿನ ಎತ್ತರದಲ್ಲೇ ಸುಳಿದಾಡಿ ಶ್ವಾಸಕೋಶವನ್ನು ಕೆರಳಿಸುತ್ತದೆ. ಬಿಸಿಲಿಗೆ ಓಝೋನ್ ಹುಟ್ಟಲು ನೆರವಾಗುತ್ತದೆ. ಆ ಓಝೋನ್ ಗೋಧಿ, ಹೆಸರಿನಂಥ ಬೆಳೆಗಳ ಇಳುವರಿಯನ್ನೂ ತಿನ್ನಬಲ್ಲದು.

ಉರಿ ಬಿಸಿಯಾದಷ್ಟೂ ಮಸಿ ಕಡಿಮೆ, ಆವರೇಜು ಚಲೋ, ಆದರೆ ನೈಟ್ರೋಜನ್ ಆಕ್ಸೈಡ್ ಜಾಸ್ತಿ. ಹೊರಬಿದ್ದ ಹೊಗೆಯನ್ನೇ ಸ್ವಲ್ಪ ಒಳಗೆ ತಿರುಗಿಸಿ ಉರಿಯನ್ನು ತಂಪಾಗಿಸಿದರೆ ಆಕ್ಸೈಡ್ ಇಳಿಯುತ್ತದೆ, ಮಸಿ ಏರುತ್ತದೆ. ಈ ತಕ್ಕಡಿ ಯಾವ ಕ್ಷಣ ಯಾವ ಕಡೆ ವಾಲಬೇಕೆಂದು ತೀರ್ಮಾನಿಸುವುದೇ ಸಾಫ್ಟ್‌ವೇರ್.

ಮೋಸ ನುಸುಳಿದ್ದೂ ಅಲ್ಲೇ. ಪರೀಕ್ಷಾಲಯದ ರೋಲರುಗಳ ಮೇಲೆ ಗಾಡಿ ಓಡುವಾಗ ಚಕ್ರ ತಿರುಗುತ್ತದೆ, ಸ್ಟೀರಿಂಗ್ ತಿರುಗುವುದಿಲ್ಲ. ಇಂಥ ಸುಳಿವುಗಳಿಂದಲೇ 'ಈಗ ಪರೀಕ್ಷೆ ನಡೆದಿದೆ' ಎಂದು ಫೋಕ್ಸ್‌ವ್ಯಾಗನ್ ಕಾರುಗಳ ಸಾಫ್ಟ್‌ವೇರ್ ಅರಿತು ಸಭ್ಯವಾಗಿಬಿಡುತ್ತಿತ್ತು. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಅಳೆಯುವ ಯಂತ್ರವನ್ನೇ ಕಾರಿನ ಹಿಂಬದಿಗೆ ಹೇರಿಕೊಂಡು ರಸ್ತೆಗಿಳಿಯಿತು. ಫೋಕ್ಸ್‌ವ್ಯಾಗನ್‌ನ ಜೆಟ್ಟಾ ಕಾರು ಮಿತಿಗಿಂತ 15ರಿಂದ 35 ಪಟ್ಟು ಆಕ್ಸೈಡ್ ಕಾರುತ್ತಿತ್ತು! ಆ ತಂಡದಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಇದ್ದರೆಂಬುದು ನನಗೆ ಹೆಮ್ಮೆಯ ಸಂಗತಿ. 2015ರ ಸೆಪ್ಟೆಂಬರಿನಲ್ಲಿ ಗುಟ್ಟು ರಟ್ಟಾಯಿತು. ಡಿಸೆಂಬರಿನಲ್ಲಿ ಭಾರತದಲ್ಲೇ 3,23,700 ಕಾರುಗಳನ್ನು ಸಾಫ್ಟ್‌ವೇರ್ ತಿದ್ದಲು ವಾಪಸ್ ಕರೆದರು. ಪಿಕಪ್ಪುಗಳೂ ಇದಕ್ಕೆ ಹೊರತಲ್ಲ. ಅಮೆರಿಕದ ರಾಮ್ ಪಿಕಪ್ಪುಗಳ ಡೀಸೆಲ್ ಇಂಜಿನ್ ಕುರಿತ ಇಂಥದೇ ಆರೋಪದ ಪ್ರಕರಣದಲ್ಲಿ ಅದನ್ನು ತಯಾರಿಸಿದ ಕಮಿನ್ಸ್ ಕಂಪನಿ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿದ್ದು 2023ರ ಕೊನೆಯಲ್ಲಿ.

ನಮ್ಮ ಎಮಿಷನ್ ಸರ್ಟಿಫಿಕೇಟ್ ಕೇಂದ್ರಗಳು ಡೀಸೆಲ್ ಗಾಡಿಯಲ್ಲಿ ನೋಡುವುದು ಹೊಗೆಯ ದಟ್ಟಣೆಯನ್ನಷ್ಟೇ. ಹಾಗಾಗಿ ಪಾಸಾದ ಚೀಟಿ ಆಕ್ಸೈಡ್ ಬಗ್ಗೆ ಏನನ್ನೂ ಹೇಳದು. ಬಿಎಸ್-6 ಹೊಗೆ ಮಾನದಂಡದ ಎರಡನೇ ಹಂತದಲ್ಲಿ, 2023ರ ಏಪ್ರಿಲ್‌ನಿಂದ, ಹೊಸ ಮಾದರಿಗಳನ್ನು ನಿಜವಾದ ರಸ್ತೆಯಲ್ಲೂ ಅಳೆಯಬೇಕೆಂಬ ನಿಯಮ ಬಂದಿದೆ. ಅದು ಬಹಳ ಮೊದಲೇ ಬರಬೇಕಿತ್ತು.

ಇನ್ನು ಆವರೇಜಿನ ಮಾತು. ತಿದ್ದುಪಡಿಯಿಂದ ಅದು ತುಸು ಇಳಿಯಲೂಬಹುದು; ನಿಮ್ಮ ಅಂಜಿಕೆ ಸುಳ್ಳಲ್ಲ. ಯಾವ ಭಾಗವನ್ನು ತಿದ್ದುತ್ತಾರೆ, ಆಮೇಲೆ ತೊಂದರೆಯಾದರೆ ವಾರಂಟಿ ಉಂಟೇ ಎಂದು ಕಾಗದದಲ್ಲಿ ಬರೆಸಿಕೊಳ್ಳಿ, ಆದರೆ ತಪ್ಪದೆ ಹಾಕಿಸಿ. ಜೊತೆಗೆ ಇನ್ನೊಂದು ಮಾತು: ಡ್ಯಾಶ್‌ಬೋರ್ಡಿನಲ್ಲಿ ಕೆಂಪೋ ಹಳದಿಯೋ ದೀಪ ಹೊತ್ತಿದರೆ ದೃಷ್ಟಿ ತಾಗಿತೆಂದು ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದನ್ನು ದಯವಿಟ್ಟು ಬಿಡಿ. ಮಸಿ ಹಿಡಿಯುವ ಫಿಲ್ಟರನ್ನೇ ಕಿತ್ತು ಬಿಸಾಡುವ ಮೆಕ್ಯಾನಿಕ್ಕನ ಸಲಹೆ ಅದಕ್ಕಿಂತ ಕೆಟ್ಟದ್ದು. ಹಳದಿ ದೀಪ ಹಲವು ಸಲ ಹೇಳುವುದಿಷ್ಟೇ: ಹೊಲ, ಸಂತೆ ಎಂದು ನಿಧಾನ ಓಡಾಟವೇ ಹೆಚ್ಚಾಗಿ ಫಿಲ್ಟರಿನಲ್ಲಿ ಮಸಿ ಕಟ್ಟಿದೆ. ಆ ಮಸಿ ಸುಡಲು ಸುಮಾರು 600 ಡಿಗ್ರಿ ಕಾವು ಬೇಕು. ಗಾಡಿಯ ಕೈಪಿಡಿ ಒಪ್ಪುವುದಾದರೆ ಹುಬ್ಬಳ್ಳಿ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ, ನಡುವೆ ಇಂಜಿನ್ ಆರಿಸದೆ ಓಡಿಸಿ. ದೀಪ ಆಗಲೂ ಆರದಿದ್ದರೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.