ಹಿಮಕರಡಿಯ ಲಿವರ್ ತಿಂದವರ ತಲೆನೋವು

1597ರಲ್ಲಿ ಆರ್ಕ್ಟಿಕ್‌ನ ನೊವಾಯಾ ಜೆಮ್ಲ್ಯಾದಲ್ಲಿ ಹಿಮಕ್ಕೆ ಸಿಕ್ಕಿಬಿದ್ದಿದ್ದ ಡಚ್ ನಾವಿಕರು ಹಿಮಕರಡಿಯೊಂದನ್ನು ಕೊಂದು ಅದರ ಲಿವರ್ ಬೇಯಿಸಿ ತಿಂದರು. ರುಚಿಯೇನೋ ಚೆನ್ನಾಗಿತ್ತು. ಆದರೆ ತಿಂದವರೆಲ್ಲ ಕಾಯಿಲೆ ಬಿದ್ದರು. ಮೂವರಿಗಂತೂ ಅಡಿಯಿಂದ ಮುಡಿಯವರೆಗೆ ಚರ್ಮ ಸುಲಿಯಿತು ಎಂದು ಜೊತೆಗಿದ್ದ ಗೆರಿಟ್ ಡಿ ವೀರ್ ಬರೆದಿಟ್ಟಿದ್ದಾನೆ.

ಅದು ವಿಟಮಿನ್ ಎಯ ಕೆಲಸವೆಂದು ತಿಳಿದದ್ದು 20ನೇ ಶತಮಾನದಲ್ಲಿ.

ವಿಟಮಿನ್ ಸಿ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಎ ಹಾಗಲ್ಲ, ಕೊಬ್ಬಿನಲ್ಲಿ ಕರಗಿ ಲಿವರ್‌ನಲ್ಲಿ ಕೂಡಿಕೊಳ್ಳುತ್ತದೆ. ಮಿತಿ ಮೀರಿದಾಗ ತಲೆಬುರುಡೆಯೊಳಗಿನ ಒತ್ತಡ ಏರಿ ತೀವ್ರ ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಶುರುವಾಗಬಹುದು. ವಯಸ್ಕರಿಗೆ ರೆಟಿನಾಲ್ ರೂಪದ ವಿಟಮಿನ್ ಎಗೆ ದಿನದ ಗರಿಷ್ಠ ಮಿತಿ 3000 ಮೈಕ್ರೋಗ್ರಾಂ. ಕ್ಯಾರೆಟ್, ನುಗ್ಗೆಸೊಪ್ಪಿನ ಬೀಟಾ ಕ್ಯಾರೊಟಿನ್‌ಗೆ ಈ ಭಯವಿಲ್ಲ, ದೇಹ ಅದನ್ನು ಬೇಕಾದಷ್ಟೇ ಪರಿವರ್ತಿಸಿಕೊಳ್ಳುತ್ತದೆ.

ತೊಡಕು ಬರುವುದು ಬೆರಕೆಯಲ್ಲಿ. ಮಲ್ಟಿವಿಟಮಿನ್, ಮೀನಿನ ಲಿವರ್ ಎಣ್ಣೆ, ಮೊಡವೆಗೆಂದು ಐಸೊಟ್ರೆಟಿನೊಯಿನ್: ಕೊನೆಯದೂ ವಿಟಮಿನ್ ಎಯ ದಾಯಾದಿಯೇ. ‘ಬರೀ ವಿಟಮಿನ್’ ಎಂದು ಇವನ್ನು ವೈದ್ಯರಿಗೆ ಹೇಳದವರೇ ಹೆಚ್ಚೇನೋ! ಆದರೆ ಎಲ್ಲ ತಲೆನೋವೂ ವಿಟಮಿನ್‌ನಿಂದಲ್ಲ; ಹಠಾತ್ತನೆ ಸಿಡಿಲಿನಂತೆ ಬರುವ ತಲೆನೋವಿಗೆ ಮಿದುಳಿನ ರಕ್ತಸ್ರಾವವೂ ಕಾರಣವಾಗಿರಬಹುದು. ಆಗ ಗುಳಿಗೆಗಳ ಡಬ್ಬಿ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಬೇಕು.