ಮರುಭೂಮಿಯ ಹಬ್ಬಕ್ಕೆ ಹೊರಡುವ ಮುನ್ನ

ಅಮೆರಿಕದಲ್ಲಿ ಕೆಲಸಕ್ಕಿರುವ ಮಕ್ಕಳು “ಬರ್ನಿಂಗ್ ಮ್ಯಾನ್‌ಗೆ ಹೋಗುತ್ತೇವೆ” ಎಂದರೆ ಇಲ್ಲಿ ಹೆತ್ತವರಿಗೆ ಗಾಬರಿ. ವಿಷಯ ತಿಳಿದುಕೊಳ್ಳೋಣ. 1986ರಲ್ಲಿ ಸಾನ್ ಫ್ರಾನ್ಸಿಸ್ಕೋದ ಕಡಲತೀರದಲ್ಲಿ ಹುಟ್ಟಿದ ಈ ಕಲಾ ಉತ್ಸವ 1990ರಲ್ಲಿ ನೆವಾಡದ ಬ್ಲ್ಯಾಕ್ ರಾಕ್ ಮರುಭೂಮಿಗೆ ಬಂತು. ಆಗಸ್ಟ್ ಕೊನೆಗೆ ಸುಮಾರು 70,000 ಜನ ಸೇರುತ್ತಾರೆ. ಮರದ ಬೃಹತ್ ಮನುಷ್ಯಾಕೃತಿಯನ್ನು ಸುಡುವುದೇ ಪ್ರಸಿದ್ಧಿ. ನಮ್ಮ ಮನಸ್ಸಿಗೆ ನಾಟುವುದು ಮಾತ್ರ ಅಗಲಿದವರ ಹೆಸರು ಬರೆದು, ಫೋಟೊ ಇಟ್ಟು ಬರುವ ಮರದ ದೇಗುಲ. ಕೊನೆಗೆ ಅದನ್ನೂ ಸುಡುತ್ತಾರೆ, ಮೌನವಾಗಿ. ನವೆಂಬರ್ 2ರಂದು ಸಮಾಧಿಗಳಿಗೆ ಮೇಣದಬತ್ತಿ ಹಚ್ಚುವ ನಮಗೆ ಇದು ತೀರ ಅಪರಿಚಿತವಲ್ಲ.

ಮೊದಲ ಸಲ ಹೋಗುವವರು ನೀರಿನ ಲೆಕ್ಕ ಹಾಕಬೇಕು. ಅಲ್ಲಿ ಮಂಜುಗಡ್ಡೆ ಬಿಟ್ಟರೆ ಹೆಚ್ಚುಕಡಿಮೆ ಏನೂ ಮಾರಾಟಕ್ಕಿಲ್ಲ. ಒಬ್ಬರಿಗೆ ದಿನಕ್ಕೆ ಒಂದೂವರೆ ಗ್ಯಾಲನ್, ಅಂದರೆ ವಾರಕ್ಕೆ ಸುಮಾರು 40 ಲೀಟರ್ ಒಯ್ಯಬೇಕು. ಧೂಳು ಕ್ಷಾರದ್ದು, ಬರಿಗಾಲು ಬಿರಿಯುತ್ತದೆ. ವಿನೆಗರ್ ಬೆರೆಸಿದ ನೀರಿನಲ್ಲಿ ತೊಳೆದರೆ ಹಿತ. ಕಣ್ಣಿಗೆ ಮುಚ್ಚುಗನ್ನಡಕ, ಮೂಗಿಗೆ ಮಾಸ್ಕ್, ರಾತ್ರಿಗೆ ಸ್ವೆಟರ್ ಇರಲಿ. ಕಸವನ್ನೆಲ್ಲ ಕಟ್ಟಿಕೊಂಡೇ ಮರಳಬೇಕು. (ನಮ್ಮ ಜಾತ್ರೆಗಳಿಗೂ ಈ ನಿಯಮ ಬಂದೀತೆ?)

2023ರಲ್ಲಿ ಮಳೆ ಸುರಿದು ನೆಲವೆಲ್ಲ ಕೆಸರಾಗಿ, ಸಾವಿರಾರು ಜನ ದಿನಗಟ್ಟಲೆ ಅಲ್ಲೇ ಸಿಕ್ಕಿಬಿದ್ದರು. ಆದ್ದರಿಂದ ಎರಡು ದಿನದ ಊಟ ಹೆಚ್ಚಿಗೇ ಇರಲಿ. ಮೊಬೈಲ್ ಸರಿಯಾಗಿ ಸಿಗದು. ಮರಳುವ ದಿನಕ್ಕೆ ಇನ್ನೆರಡು ಸೇರಿಸಿಯೇ ಮನೆಗೆ ಹೇಳಿ ಹೊರಡಬೇಕು.